ದುಃಖಕ್ಕೆ ಎಷ್ಟು ಹೆಸರು? ಇಂಗ್ಲಿಷಿನ ಭಾವವಾಚಕ ಪದಗಳು ಮತ್ತು ನಮ್ಮ ಮನೆಗಳು

ಮೈಯ ನೋವನ್ನು ಹೇಳಿಕೊಳ್ಳುವುದು ಮನುಷ್ಯನಿಗೆ ಸುಲಭ. ಇಲ್ಲಿ ನೋಯುತ್ತದೆ ಎಂದು ಬೆರಳಿಟ್ಟು ತೋರಿಸಿದರೆ ಸಾಕು. ಮನಸ್ಸಿನ ನೋವಿಗೆ ಬೆರಳು ಸಾಲದು, ಮಾತೇ ಬೇಕು. ಆ ಮಾತು ಅಳತೆ ತಪ್ಪಿದರೆ ಕೇಳುವವರು ಮಾಡುವ ಉಪಚಾರವೂ ಅಳತೆ ತಪ್ಪುತ್ತದೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಕೆಲವರು ಬೆಂಗಳೂರು, ಪುಣೆಗಳಲ್ಲಿ, ಇನ್ನು ಕೆಲವರು ಸಮುದ್ರದಾಚೆ ನೌಕರಿಯಲ್ಲಿದ್ದಾರೆ. ಊಟ, ತಿಂಡಿ, ಹಬ್ಬಗಳ ಮಾತನ್ನು ಅವರು ಕನ್ನಡದಲ್ಲಿಯೇ ಆಡುತ್ತಾರೆ. ಮನಸ್ಸಿನ ಮಾತು ಬಂದಾಗ ಮಾತ್ರ ನಾಲಗೆ ತಟ್ಟನೆ ಇಂಗ್ಲಿಷಿಗೆ ಹೊರಳುತ್ತದೆ. 'ಡಿಪ್ರೆಸ್ ಆಗಿದ್ದೇನೆ', 'ತುಂಬಾ ಸ್ಟ್ರೆಸ್', 'ಗಿಲ್ಟ್ ಕಾಡ್ತಾ ಇದೆ', 'ಮೂಡೇ ಇಲ್ಲ' ಎಂಬ ಮಾತುಗಳನ್ನು ದೂರವಾಣಿಯಲ್ಲಿ ಕೇಳಿದ ಹೆತ್ತವರು ಒಂದೋ ಗಾಬರಿಯಾಗುತ್ತಾರೆ, ಇಲ್ಲವೇ 'ಈಗಿನ ಹುಡುಗರದು ಇದ್ದದ್ದೇ' ಎಂದು ಸುಮ್ಮನಾಗುತ್ತಾರೆ. ಗಾಬರಿಯಾಗಬೇಕಾದಲ್ಲಿ ಸುಮ್ಮನಾಗುವುದೂ, ಸುಮ್ಮನಿರಬೇಕಾದಲ್ಲಿ ಗಾಬರಿಯಾಗುವುದೂ ಉಂಟು.

ಪದಗಳು ನಮ್ಮ ಮನೆಯೊಳಗೆ ಬಂದವು, ಅವುಗಳ ಸುತ್ತ ಇದ್ದ ಬೇಲಿ ಮಾತ್ರ ಇಂಗ್ಲಿಷಿನಲ್ಲಿಯೇ ಉಳಿಯಿತು. ಪರಭಾಷೆಯ ಪದಗಳನ್ನು ಬಳಸಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಬಳಸುವ ಪದದ ಬೇಲಿ ಎಲ್ಲಿದೆ ಎಂಬುದನ್ನು ಮನೆಯ ಹಿರಿಯರೂ ತಿಳಿದಿದ್ದರೆ ಲೇಸು ಎಂಬಷ್ಟೇ ಆಶಯ.

ಮೊದಲಿಗೆ 'ಎಮೋಶನ್' ಎಂಬ ಪದವನ್ನೇ ನೋಡೋಣ. ಲ್ಯಾಟಿನ್ನಿನಲ್ಲಿ ಇದರ ಮೂಲಕ್ಕೆ 'ಹೊರಕ್ಕೆ ಚಲಿಸು, ಕದಲಿಸು' ಎಂದರ್ಥ. ಹಿಂದೆ ಇಂಗ್ಲಿಷರು ಮನಸ್ಸಿನ ವಿಕಾರಗಳನ್ನು 'ಪ್ಯಾಶನ್', 'ಅಫೆಕ್ಶನ್' ಎಂಬ ಹೆಸರುಗಳಿಂದ ಕರೆಯುತ್ತಿದ್ದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಥಾಮಸ್ ಬ್ರೌನ್ ಅವರ ಉಪನ್ಯಾಸಗಳು 1820ರಲ್ಲಿ ಪುಸ್ತಕವಾಗಿ ಬಂದ ಮೇಲೆಯೇ 'ಎಮೋಶನ್' ಎಂಬುದು ಶಾಸ್ತ್ರದ ಪದವಾಗಿ ನೆಲೆಗೊಂಡಿತು. 1872ರಲ್ಲಿ ಡಾರ್ವಿನ್ ಅವರು ಮನುಷ್ಯರೂ ಪ್ರಾಣಿಗಳೂ ಭಾವಗಳನ್ನು ಹೊರಗೆಡಹುವ ಬಗೆಯನ್ನು ಕುರಿತು ಗ್ರಂಥ ಬರೆಯುವ ಹೊತ್ತಿಗೆ ಅದು ಎಲ್ಲರ ಪದವಾಗಿತ್ತು. ನಮ್ಮ ಆಡುಮಾತಿಗೆ ಬಂದದ್ದು ಎಮೋಶನ್ನಿಗಿಂತ ಹೆಚ್ಚಾಗಿ 'ಫೀಲಿಂಗ್'. ಇಂಗ್ಲಿಷಿನಲ್ಲಿ ಚಳಿಯೂ ಒಂದು ಫೀಲಿಂಗ್, ಹಸಿವೂ ಒಂದು ಫೀಲಿಂಗ್, ಮಮತೆಯೂ ಒಂದು ಫೀಲಿಂಗ್. ಕನ್ನಡಕ್ಕೆ ಬಂದೊಡನೆ ಅದರ ಅರ್ಥ ಸಂಕುಚಿತವಾಯಿತು. 'ಅವರು ಫೀಲ್ ಮಾಡಿಕೊಂಡರು' ಎಂದರೆ ನಮ್ಮಲ್ಲಿ ಮನಸ್ಸಿಗೆ ನೋವು ಮಾಡಿಕೊಂಡರೆಂದೇ ಅರ್ಥ. ಲಂಡನ್ನಿನವನಿಗೆ ಈ ವಾಕ್ಯ ಅರ್ಧವಾಗಿಯೇ ಕೇಳಿಸೀತು. ಏನನ್ನು ಫೀಲ್ ಮಾಡಿದರು ಎಂದು ಆತ ಕಾಯುತ್ತಾನೆ.

'ಮೂಡ್' ಎಂಬುದು ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮನಸ್ಸು, ಕೆಚ್ಚು ಎಂಬ ಅರ್ಥಗಳಿದ್ದವು. ಇಂದಿನ ಬಳಕೆಯಲ್ಲಿ ಎಮೋಶನ್ನಿಗೆ ಒಂದು ಕಾರಣ, ಒಂದು ಗುರಿ ಇರುತ್ತದೆ. ಬಂದಷ್ಟೇ ಬೇಗ ಹೋಗಲೂಬಹುದು. ಮೂಡ್ ಎಂದರೆ ಗುರಿಯಿಲ್ಲದೆ ಕವಿದು ನಿಲ್ಲುವ ಮೋಡದಂಥದು. ನಾಯಿ ಅಟ್ಟಿಸಿಕೊಂಡು ಬಂದಾಗ ಆಗುವ ಭಯ ಎಮೋಶನ್. ಬೆಳಿಗ್ಗೆ ಎದ್ದಾಗಿನಿಂದ ಸಂಜೆಯವರೆಗೆ ಯಾರ ಮಾತೂ ಬೇಡವೆನಿಸುವುದು ಮೂಡ್. ಇಂಥ ವಿಂಗಡಣೆ ನಮ್ಮವರಿಗೆ ಹೊಸದೇನಲ್ಲ. ಭರತಮುನಿಯ ನಾಟ್ಯಶಾಸ್ತ್ರ 8 ಸ್ಥಾಯಿಭಾವಗಳನ್ನೂ 33 ಸಂಚಾರಿಭಾವಗಳನ್ನೂ ಬೇರೆಬೇರೆಯಾಗಿ ಹೆಸರಿಸಿದೆ. ಅಲ್ಲಿ ಶೋಕವು ಸ್ಥಾಯಿ. ವಿಷಾದ, ಚಿಂತೆ, ದೈನ್ಯ, ಗ್ಲಾನಿಗಳು ಬಂದುಹೋಗುವಂಥವು. ನಾಟಕಶಾಸ್ತ್ರದ ಆ ಲೆಕ್ಕವನ್ನು ಇಂಗ್ಲಿಷ್ ಪದಗಳಿಗೆ ಹಾಗೆಯೇ ಹೊಂದಿಸಲಾಗದು. ಆದರೂ ದುಃಖಕ್ಕೆ ಒಂದೇ ಹೆಸರು ಸಾಲದೆಂಬ ಅರಿವು ನಮ್ಮ ಹಿರಿಯರಿಗೆ ಇತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸ್ಯಾಡ್, ಗ್ರೀಫ್, ಡಿಪ್ರೆಶನ್

ಹೆಚ್ಚು ಅನಾಹುತಕ್ಕೆ ಕಾರಣವಾಗುವ ಗೊಂದಲ ಈ ಮೂರು ಪದಗಳದ್ದು. ಆದ್ದರಿಂದ ಇಲ್ಲಿ ತುಸು ನಿಂತು ನೋಡಬೇಕು.

'ಸ್ಯಾಡ್' ಎಂಬ ಪದದ ಮೂಲಾರ್ಥ ಯಾರಿಗಾದರೂ ಅಚ್ಚರಿ ತರುವಂಥದು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ 'ಹೊಟ್ಟೆ ತುಂಬಿದ, ಸಾಕಾದ' ಎಂದು. ಸಾಕಾದವನು ಭಾರವಾಗುತ್ತಾನೆ, ಭಾರವಾದವನು ಗಂಭೀರನಾಗುತ್ತಾನೆ, ಗಂಭೀರನಾದವನು ದುಃಖಿಯಂತೆ ಕಾಣುತ್ತಾನೆ. ಹೀಗೆ ಶತಮಾನಗಳಲ್ಲಿ ಪದ ಜಾರುತ್ತ ಬಂದು ದುಃಖಕ್ಕೆ ನಿಂತಿತು. ಷೇಕ್ಸ್‌ಪಿಯರನ ಕಾಲದಲ್ಲಿಯೂ ಅದನ್ನು ಕೆಲವೊಮ್ಮೆ 'ಗಂಭೀರ' ಎಂಬರ್ಥದಲ್ಲಿಯೇ ಬಳಸುತ್ತಿದ್ದರು. ನಮ್ಮ 'ಬೇಜಾರು' ಪದದ ಕಥೆಯೂ ಹೆಚ್ಚುಕಡಿಮೆ ಇದೇ. ಪಾರಸಿಯಲ್ಲಿ ಅದಕ್ಕೆ 'ಬೇಸತ್ತ, ಸಾಕಾದ' ಎಂದರ್ಥ. ಕನ್ನಡದಲ್ಲಿ ಅದು ಬೇಸರಕ್ಕೂ ಆಗುತ್ತದೆ, ನೋವಿಗೂ ಆಗುತ್ತದೆ, ಮುನಿಸಿಗೂ ಆಗುತ್ತದೆ. ಮಗ 'ಬೋರಾಗಿದೆ' ಎಂದರೆ ತಾಯಿ 'ಯಾಕಪ್ಪಾ ಬೇಜಾರು, ಯಾರೇನಂದರು?' ಎಂದು ಕೇಳುತ್ತಾಳೆ. ಅವನಿಗೆ ಯಾರೂ ಏನೂ ಅಂದಿಲ್ಲ, ಮಾಡಲು ಕೆಲಸವಿಲ್ಲ, ಅಷ್ಟೆ. ಸಂಸ್ಕೃತದಲ್ಲಿ 'ವಿಷಾದ' ಪದದೊಳಗೆ ಕುಸಿದು ಕೂರುವುದೆಂಬ ಅರ್ಥದ 'ಸದ್' ಧಾತುವಿದೆ. ಇಂಗ್ಲಿಷಿನ ಸ್ಯಾಡ್‌ಗೂ ಅದಕ್ಕೂ ಇರುವುದು ಧ್ವನಿಸಾಮ್ಯ ಮಾತ್ರ, ನಂಟಸ್ತಿಕೆಯಲ್ಲ.

ಸ್ಯಾಡ್ ಎಂಬುದು ಸಾಮಾನ್ಯ ಮನುಷ್ಯನ ಸಾಮಾನ್ಯ ಸ್ಥಿತಿ. ಅಂಕ ಕಡಿಮೆ ಬಂತು, ಸ್ನೇಹಿತ ಊರು ಬಿಟ್ಟ, ಸಾಕಿದ ಕರು ಸತ್ತಿತು: ಇವೆಲ್ಲಕ್ಕೂ ಸ್ಯಾಡ್ ಸಲ್ಲುತ್ತದೆ. ಒಳ್ಳೆಯ ಸುದ್ದಿಯೊಂದು ಬಂದರೆ ಅದು ತಿಳಿಯಾಗುತ್ತದೆ.

'ಗ್ರೀಫ್' ಅದಕ್ಕಿಂತ ಭಾರವಾದದ್ದು, ಅಕ್ಷರಶಃ ಭಾರವಾದದ್ದು. ಲ್ಯಾಟಿನ್ನಿನಲ್ಲಿ ಭಾರವೆಂಬ ಅರ್ಥದ 'ಗ್ರಾವಿಸ್' ಪದದಿಂದ ಅದು ಬಂದಿದೆ. ಸಂಸ್ಕೃತದ 'ಗುರು' ಪದಕ್ಕೂ ಭಾರವೆಂಬುದೇ ಮೂಲಾರ್ಥವಾಗಿದ್ದು, ಭಾಷಾಶಾಸ್ತ್ರಜ್ಞರು ಗುರು ಮತ್ತು ಗ್ರಾವಿಸ್‌ಗಳನ್ನು ಒಂದೇ ಬೇರಿನ ಪದಗಳೆಂದು ಹೇಳುತ್ತಾರೆ. ಇದರಿಂದ ತತ್ತ್ವವನ್ನೇನೂ ಹೊರಡಿಸಬೇಕಾಗಿಲ್ಲ; ಪದಗಳ ಸಂಸಾರ ಎಷ್ಟು ದೊಡ್ಡದೆಂಬುದಕ್ಕೆ ಹೇಳಿದೆ. 'ಎದೆ ಭಾರವಾಯಿತು' ಎಂದು ಕನ್ನಡಿಗನೂ ಹೇಳುತ್ತಾನಲ್ಲವೆ?

ಸಾವಿನ ಮನೆಯ ದುಃಖಕ್ಕೆ ಇಂಗ್ಲಿಷಿನಲ್ಲಿ ಮೂರು ಪದಗಳಿವೆ. ಆಪ್ತರನ್ನು ಕಳೆದುಕೊಂಡ ಸ್ಥಿತಿಗೆ 'ಬಿರೀವ್‌ಮೆಂಟ್' ಎನ್ನುತ್ತಾರೆ. ಸುಲಿಗೆಗೊಳಗಾಗುವುದು ಎಂಬುದು ಅದರ ಬೇರಿನ ಅರ್ಥ. ಒಳಗೆ ಆಗುವ ಸಂಕಟಕ್ಕೆ 'ಗ್ರೀಫ್' ಎನ್ನುತ್ತಾರೆ. ಆ ಸಂಕಟವನ್ನು ಸಮಾಜದ ಮುಂದೆ ಆಚರಿಸುವ ರೀತಿಗೆ, ಅಂದರೆ ಕಪ್ಪು ಬಟ್ಟೆ, ಮೌನ, ಇಷ್ಟು ದಿನ ಮನೆಯೊಳಗೇ ಇರುವುದು ಮುಂತಾದವುಗಳಿಗೆ, 'ಮೋರ್ನಿಂಗ್' ಎನ್ನುತ್ತಾರೆ. ನಮ್ಮ ಸಮಾಜದವರಿಗೆ ಈ ವ್ಯತ್ಯಾಸ ವಿಶೇಷವಾಗಿ ಗಮನಾರ್ಹವಾದುದು. ಬಸವಾದಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಮೃತಸೂತಕವೂ ಒಂದು. ಸಾವಿನಿಂದ ಮನೆಗೆ ಮೈಲಿಗೆಯಾಗುತ್ತದೆಂಬ ನಂಬಿಕೆಯನ್ನು ಅವರು ಕಿತ್ತೊಗೆದರು. ದೇಹ ಬಿಟ್ಟವರನ್ನು ಲಿಂಗೈಕ್ಯರಾದರೆಂದು ಕರೆದರು. ಇಂಗ್ಲಿಷಿನ ಪದಗಳಲ್ಲಿ ಹೇಳುವುದಾದರೆ ಶರಣರು ಬಿಡಿಸಿದ್ದು ಮೋರ್ನಿಂಗಿನ ಒಂದು ಕಟ್ಟನ್ನು, ಗ್ರೀಫನ್ನು ಅಲ್ಲ. ಆದರೆ ನಮ್ಮ ಮನೆಗಳಲ್ಲಿ ಈ ಎರಡನ್ನೂ ಕಲಸಿಬಿಟ್ಟಿದ್ದೇವೆ. ಗಂಡನನ್ನು ಕಳೆದುಕೊಂಡ ತಾಯಿಗೆ, ಮಗನನ್ನು ಕಳೆದುಕೊಂಡ ತಂದೆಗೆ 'ಲಿಂಗೈಕ್ಯರಾದವರಿಗೆ ಅಳಬಾರದು, ಅಳುವುದು ನಂಬಿಕೆಯಿಲ್ಲದವರ ಲಕ್ಷಣ' ಎಂದು ಬುದ್ಧಿ ಹೇಳಲು ಬರುವವರಿಗೆ ಕೊರತೆಯಿಲ್ಲ. ಸೂತಕವನ್ನು ಅಲ್ಲಗಳೆದ ಧರ್ಮ ಕಣ್ಣೀರನ್ನೂ ಅಲ್ಲಗಳೆಯಿತೆಂದು ತಿಳಿಯುವುದು ಈ ಲೇಖಕನ ದೃಷ್ಟಿಯಲ್ಲಿ ಸರಿಯಲ್ಲ. ಅಳುವವರು ಅಳಲಿ, ಪಕ್ಕದಲ್ಲಿ ಕುಳಿತುಕೊಳ್ಳುವವರು ಒಬ್ಬರಿದ್ದರೆ ಸಾಕು.

ಇನ್ನು 'ಡಿಪ್ರೆಶನ್'. ಕೆಳಕ್ಕೆ ಒತ್ತುವುದು ಎಂಬುದು ಪದದ ಅರ್ಥ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೂ ಇಂಗ್ಲಿಷಿನವರಿಗೆ ಅದು ಡಿಪ್ರೆಶನ್ನೇ, 1930ರ ದಶಕದಲ್ಲಿ ಜಗತ್ತಿನ ವ್ಯಾಪಾರ ಕುಸಿದದ್ದೂ ಡಿಪ್ರೆಶನ್ನೇ. ಮನೋರೋಗದ ಹೆಸರಾಗಿ ಅದು ಈಚಿನದು. ಹಿಂದೆ ಅದೇ ಜಾಗದಲ್ಲಿ 'ಮೆಲಂಕಲಿ' ಇತ್ತು. ಗ್ರೀಕಿನಲ್ಲಿ ಅದಕ್ಕೆ 'ಕರಿಯ ಪಿತ್ತ' ಎಂದರ್ಥ. ದೇಹದಲ್ಲಿ ಕರಿಯ ಪಿತ್ತ ಹೆಚ್ಚಾದರೆ ಮನುಷ್ಯ ಮಂಕಾಗುತ್ತಾನೆಂದು ಅಲ್ಲಿನ ವೈದ್ಯರು ನಂಬಿದ್ದರು. ಆಕ್ಸ್‌ಫರ್ಡಿನ ವಿದ್ವಾಂಸ ರಾಬರ್ಟ್ ಬರ್ಟನ್ 1621ರಲ್ಲಿ ಆ ವ್ಯಾಧಿಯನ್ನು ಕುರಿತೇ ಒಂದು ಬೃಹದ್ಗ್ರಂಥ ಪ್ರಕಟಿಸಿದ. ಪಿತ್ತ ಕೆರಳುವ ಮಾತು ನಮ್ಮ ಅಜ್ಜಿಯರಿಗೂ ಹೊಸದಾಗಿರಲಿಲ್ಲ. ಈಗ ಕನ್ನಡದಲ್ಲಿ ವೈದ್ಯರು ಬಳಸುವ ಪದ 'ಖಿನ್ನತೆ'. ಅದರ ಮೂಲದ 'ಖಿದ್' ಧಾತುವಿನಲ್ಲಿಯೂ ಒತ್ತುವುದು, ಬಳಲುವುದು ಎಂಬ ಅರ್ಥವೇ ಇರುವುದರಿಂದ ಪದ ಸರಿಯಾಗಿಯೇ ಹೊಂದಿಕೊಂಡಿದೆ.

ಸ್ಯಾಡ್‌ಗೂ ಡಿಪ್ರೆಶನ್ನಿಗೂ ಇರುವ ಅಂತರ ಹೆಚ್ಚು ಕಡಿಮೆಯದ್ದಲ್ಲ, ಜಾತಿಯೇ ಬೇರೆ ಎನ್ನಬೇಕು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಲೆಕ್ಕದಂತೆ ಖಿನ್ನತೆಯ ಲಕ್ಷಣಗಳು 9. ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಹಸಿವು ಮತ್ತು ತೂಕದಲ್ಲಿ ಏರುಪೇರು, ನಿದ್ರೆ ಕೆಡುವುದು ಅಥವಾ ಅತಿಯಾಗುವುದು, ನಡೆನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ದಣಿವು, ತಾನು ಯಾತಕ್ಕೂ ಬಾರದವನೆಂಬ ಭಾವನೆ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ 5 ಲಕ್ಷಣಗಳಾದರೂ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಇರಬೇಕು. ಮೊದಲ ಎರಡರಲ್ಲಿ ಒಂದು ಇರಲೇಬೇಕು. ಕಣ್ಣೀರು ಈ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲವೆಂಬುದನ್ನು ಗಮನಿಸಬೇಕು. ಅಳದೆಯೂ ಒಬ್ಬರು ಖಿನ್ನತೆಯಲ್ಲಿರಬಹುದು. ನಮ್ಮ ಮನೆಗಳ ಹೆಣ್ಣುಮಕ್ಕಳು, ವಯಸ್ಸಾದವರು 'ಮನಸ್ಸು ಸರಿಯಿಲ್ಲ' ಎಂದು ಹೇಳುವುದು ಅಪರೂಪ. ತಲೆನೋವು, ಮೈಕೈ ನೋವು, ಸುಸ್ತು, ಹೊಟ್ಟೆ ಉರಿ ಎಂದೇ ಹೇಳುತ್ತಾರೆ. ಮಾತ್ರೆಯ ಮೇಲೆ ಮಾತ್ರೆ ನುಂಗಿದರೂ ಇಳಿಯದ ಸುಸ್ತಿನ ಹಿಂದೆ ಕೆಲವೊಮ್ಮೆ ಈ ಇಂಗ್ಲಿಷ್ ಪದ ಅಡಗಿ ಕುಳಿತಿರುತ್ತದೆ.

ಗ್ರೀಫ್ ಮತ್ತು ಡಿಪ್ರೆಶನ್‌ಗಳ ಗಡಿಯನ್ನು ಗುರುತಿಸುವುದು ಇನ್ನೂ ಕಷ್ಟ. ಫ್ರಾಯ್ಡ್ ಅವರು 1917ರ ಒಂದು ಪ್ರಬಂಧದಲ್ಲಿ ತೋರಿಸಿದ ಭೇದ ಇಂದಿಗೂ ಉಪಯುಕ್ತವಾದುದು. ಶೋಕಿಸುವವನಿಗೆ ಹೊರಗಿನ ಲೋಕ ಬರಿದಾಗಿ ಕಾಣುತ್ತದೆ. ಮೆಲಂಕಲಿಗೆ ಸಿಕ್ಕವನಿಗೆ ತಾನೇ ಬರಿದಾಗಿ, ಬೆಲೆಯಿಲ್ಲದವನಾಗಿ ಕಾಣುತ್ತಾನೆ. 'ಅವರಿಲ್ಲದ ಮನೆ ಮನೆಯೇ ಅಲ್ಲ' ಎಂಬುದು ಶೋಕದ ಮಾತು. 'ನಾನು ಇದ್ದು ಯಾರಿಗೇನು ಉಪಯೋಗ' ಎಂಬುದು ಬೇರೆಯದೇ ಮಾತು. ಅದನ್ನು ಕೇಳಿದವರು ಸುಮ್ಮನಿರಬಾರದು. ಈ ಗಡಿಯ ಬಗ್ಗೆ ವೈದ್ಯರಲ್ಲಿಯೇ ದೀರ್ಘ ವಾಗ್ವಾದ ನಡೆದಿದೆ. ಆಪ್ತರು ತೀರಿಕೊಂಡ ಎರಡು ತಿಂಗಳವರೆಗಿನ ದುಃಖವನ್ನು ಸಾಮಾನ್ಯವಾಗಿ ಖಿನ್ನತೆಯೆಂದು ಎಣಿಸಬಾರದೆಂಬ ವಿನಾಯಿತಿ ಆ ಕೈಪಿಡಿಯ 1994ರ ಆವೃತ್ತಿಯಲ್ಲಿತ್ತು. 2013ರ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದಾಗ, ಶೋಕವನ್ನೂ ಕಾಯಿಲೆ ಮಾಡಿಬಿಟ್ಟರೆಂದು ಅನೇಕರು ಆಕ್ಷೇಪಿಸಿದರು. 2022ರಲ್ಲಿ 'ದೀರ್ಘಕಾಲದ ಶೋಕ' ಎಂಬ ಪ್ರತ್ಯೇಕ ಹೆಸರನ್ನೇ ಸೇರಿಸಲಾಯಿತು. ದೊಡ್ಡವರಲ್ಲಿ ವರ್ಷ ಕಳೆದರೂ ಶೋಕವು ಬದುಕನ್ನು ಕಟ್ಟಿಹಾಕಿದ್ದರೆ ಆ ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಆರು ತಿಂಗಳೆಂದು ಹೇಳುತ್ತದೆ. ಆದರೆ ಆಯಾ ಸಮಾಜದ ರೂಢಿಯನ್ನು ಮೀರಿದ್ದಾಗಿರಬೇಕೆಂಬ ಮಾತನ್ನೂ ಸೇರಿಸಿದೆ. ಆ ಮಾತು ಉಚಿತವಾಗಿಯೇ ಇದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರು ಖಿನ್ನತೆಯ ತೊಂದರೆಗೆ ಒಳಗಾಗಿದ್ದರು. ಅಂಥವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮನಸ್' ಎಂಬ ಸರಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗನೋ ಮಗಳೋ 'ಡಿಪ್ರೆಸ್ ಆಗಿದ್ದೇನೆ' ಎಂದಾಗ 'ಹುಚ್ಚುಹುಚ್ಚಾಗಿ ಮಾತಾಡಬೇಡ' ಎನ್ನುವ ಮೊದಲು ನಿದ್ರೆ ಬರುತ್ತದೆಯೇ, ಊಟ ಸೇರುತ್ತದೆಯೇ, ಎಷ್ಟು ದಿನವಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ಸ್ಯಾಡ್ ಎಂಬರ್ಥದಲ್ಲಿ ಆ ಪದವನ್ನು ಬಳಸಿದ್ದಾರೋ ನಿಜವಾದ ಅರ್ಥದಲ್ಲಿಯೋ ಎಂಬುದು ಅಷ್ಟರಿಂದ ಬಹುಮಟ್ಟಿಗೆ ತಿಳಿಯುತ್ತದೆ.

ಟೆನ್ಶನ್ ಎಂಬ ಸರ್ವರೋಗದ ಹೆಸರು

ಮದುವೆಯ ಮನೆಯಲ್ಲಿಯೂ ಟೆನ್ಶನ್, ಪರೀಕ್ಷೆಯಲ್ಲಿಯೂ ಟೆನ್ಶನ್, ಬಸ್ಸು ತಡವಾದರೂ ಟೆನ್ಶನ್. ಎಳೆದು ಬಿಗಿದ ತಂತಿಯ ಸ್ಥಿತಿ ಎಂಬುದು ಈ ಪದದ ಅರ್ಥ. ಇಂಗ್ಲಿಷರು ಇದನ್ನು ನಮ್ಮಷ್ಟು ಧಾರಾಳವಾಗಿ ಬಳಸುವುದಿಲ್ಲ. ಅವರಲ್ಲಿ ಇಬ್ಬರ ನಡುವೆ, ಎರಡು ದೇಶಗಳ ನಡುವೆ ಟೆನ್ಶನ್ ಇರುತ್ತದೆ. ಒಬ್ಬನೊಳಗಿನದಕ್ಕೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ.

'ವರಿ' ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕತ್ತು ಹಿಸುಕುವುದಾಗಿತ್ತು. ನಾಯಿ ಕುರಿಯ ಕತ್ತು ಹಿಡಿದು ಜಾಡಿಸುವುದಕ್ಕೆ ಇಂದಿಗೂ ಅಲ್ಲಿ ಈ ಪದವನ್ನೇ ಬಳಸುತ್ತಾರೆ. 'ಆಂಗ್ಸೈಟಿ' ಎಂಬುದರ ಲ್ಯಾಟಿನ್ ಮೂಲವೂ ಬಿಗಿಯುವುದು, ಉಸಿರುಗಟ್ಟಿಸುವುದು ಎಂಬ ಅರ್ಥದ್ದೇ. ಎದೆನೋವಿಗೆ ವೈದ್ಯರು ಹೇಳುವ 'ಆಂಜೈನಾ' ಅದರ ಸಹೋದರ ಪದ. ಎರಡೂ ಕೊರಳಿಗೇ ಕೈಹಾಕುವ ಪದಗಳಾದರೂ ಅವು ಒಂದೇ ಅಲ್ಲ. ವರಿ ಎಂಬುದು ತಲೆಯೊಳಗಿನ ಕೆಲಸ: ಮಗಳ ಫೀಸು ಹೇಗೆ ಕಟ್ಟುವುದು, ಮಳೆ ಬಾರದಿದ್ದರೆ ಏನು ಗತಿ. ಅದಕ್ಕೆ ವಿಷಯವಿರುತ್ತದೆ, ಫೀಸು ಕಟ್ಟಿದರೆ ಅದು ಮುಗಿಯುತ್ತದೆ. ನಮ್ಮ 'ಚಿಂತೆ' ಇದಕ್ಕೆ ಸಮೀಪದ್ದು. ಚಿಂತನೆಯೂ ಚಿಂತೆಯೂ ಒಂದೇ ಧಾತುವಿನವು. ಆಂಗ್ಸೈಟಿ ಮೈಯನ್ನೂ ಹಿಡಿಯುತ್ತದೆ. ಕೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಯಾತಕ್ಕೆಂದು ಕೇಳಿದರೆ ಅನೇಕ ವೇಳೆ ಉತ್ತರವಿರುವುದಿಲ್ಲ. 'ಫಿಯರ್' ಎಂದರೆ ಎದುರಿಗಿರುವ ಹಾವಿನ ಭಯ. ಆಂಗ್ಸೈಟಿ ಎಂದರೆ ಹಾವು ಇದ್ದೀತೆಂಬ ಕಳವಳ. ಇಂಥವರಿಗೆ 'ಯಾಕೆ ಚಿಂತೆ ಮಾಡ್ತೀಯ, ಎಲ್ಲಾ ಇದೆಯಲ್ಲ' ಎಂಬ ಸಮಾಧಾನ ನಾಟುವುದಿಲ್ಲ. ಅವರು ಚಿಂತೆ ಮಾಡುತ್ತಿಲ್ಲ. ಅದು ಅವರನ್ನು ಹಿಡಿದಿದೆ.

'ಸ್ಟ್ರೆಸ್' ಎಂಬುದು ಎಂಜಿನಿಯರುಗಳ ಪದವೂ ಹೌದು. ಕಬ್ಬಿಣದ ತೊಲೆಯ ಮೇಲೆ ಭಾರ ಹೇರಿದಾಗ ಒಳಗೆ ಉಂಟಾಗುವ ಒತ್ತಡವನ್ನು ಅವರು ಹೀಗೆ ಕರೆಯುತ್ತಾರೆ. ಅದನ್ನು ಮನುಷ್ಯನ ದೇಹಕ್ಕೆ ಅನ್ವಯಿಸಿ ಪ್ರಸಿದ್ಧಿಗೆ ತಂದವರು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ. ಕೆನಡಾದಲ್ಲಿದ್ದುಕೊಂಡು ಅವರು 1936ರಲ್ಲಿ 'ನೇಚರ್' ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿ ಈ ಸಂಶೋಧನೆಯ ಆರಂಭ. ಭಾರ ಇಳಿಸಿದರೆ ತೊಲೆ ಸರಿಹೋಗುವಂತೆ ಸ್ಟ್ರೆಸ್ಸಿಗೆ ವಿಶ್ರಾಂತಿಯೇ ಮದ್ದು. ಎರಡು ದಿನ ರಜೆ ಕೊಟ್ಟು ಊರಿಗೆ ಕರೆಸಿಕೊಂಡರೆ ಸ್ಟ್ರೆಸ್ ಇಳಿದೀತು. ಆಂಗ್ಸೈಟಿ ಮಾತ್ರ ಅದೇ ಬಸ್ಸಿನಲ್ಲಿ ಜೊತೆಗೇ ಊರಿಗೆ ಬರುತ್ತದೆ.

'ನಾಚಿಕೆಯಾಗುವುದಿಲ್ಲವೇ?'

ಮಕ್ಕಳಿಗೆ ನಾವು ಪದೇಪದೇ ಹಾಕುವ ಪ್ರಶ್ನೆ ಇದು. ಇಂಗ್ಲಿಷಿನ 'ಗಿಲ್ಟ್' ಮತ್ತು 'ಶೇಮ್' ಪದಗಳ ನಡುವಿನ ಅಂತರ ತಿಳಿದರೆ ಈ ಪ್ರಶ್ನೆಯನ್ನು ಹಾಕುವ ಮೊದಲು ನಾಲಗೆ ಸ್ವಲ್ಪ ತಡೆಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ ಅವರು 1971ರ ತಮ್ಮ ಗ್ರಂಥದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಗಿಲ್ಟಿನ ಕಣ್ಣು ಮಾಡಿದ ಕೆಲಸದ ಮೇಲೆ, ಶೇಮಿನ ಕಣ್ಣು ಮಾಡಿದವನ ಮೇಲೆ. 'ಸುಳ್ಳು ಹೇಳಿದೆ, ತಪ್ಪಾಯಿತು' ಎನ್ನುವವನಿಗೆ ತಿದ್ದಿಕೊಳ್ಳುವ ದಾರಿ ಉಂಟು. ಹೋಗಿ ನಿಜ ಹೇಳಬಹುದು. 'ನಾನೇ ಕೆಟ್ಟವನು, ಮುಖ ತೋರಿಸಲಾರೆ' ಎನ್ನುವವನಿಗೆ ಅಡಗಿಕೊಳ್ಳುವುದೊಂದೇ ದಾರಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಾಗಿಲು ಹಾಕಿಕೊಳ್ಳುವ ಮಗು ಗಿಲ್ಟಿನಿಂದ ಹಾಕಿಕೊಳ್ಳುವುದಿಲ್ಲ, ಶೇಮಿನಿಂದ ಹಾಕಿಕೊಳ್ಳುತ್ತದೆ. 'ನಾಲ್ಕು ಜನ ಏನಂದಾರು' ಎಂಬ ನಮ್ಮ ನಿತ್ಯದ ಮಾತು ಅದಕ್ಕೆ ಹೊರಗಿನಿಂದ ಚಿಲಕ ಹಾಕಿದಂತೆ.

ಕನ್ನಡದ 'ನಾಚಿಕೆ' ಮಾತ್ರ ಶೇಮಿಗಿಂತ ವಿಶಾಲವಾದದ್ದು. ಹೊಸ ಸೊಸೆಯ ಸಂಕೋಚವೂ ನಾಚಿಕೆಯೇ, ಕದ್ದು ಸಿಕ್ಕಿಬಿದ್ದವನ ತಲೆತಗ್ಗಿಸುವಿಕೆಯೂ ನಾಚಿಕೆಯೇ. ಮೊದಲನೆಯದು ಇಂಗ್ಲಿಷಿನಲ್ಲಿ 'ಶೈನೆಸ್', ಶೇಮ್ ಅಲ್ಲವೇ ಅಲ್ಲ. 'ರಿಮೋರ್ಸ್' ಎಂಬ ಇನ್ನೊಂದು ಪದಕ್ಕೆ ಮತ್ತೆ ಮತ್ತೆ ಕಚ್ಚುವುದೆಂದು ಮೂಲಾರ್ಥ. ನಮ್ಮ ಪಶ್ಚಾತ್ತಾಪ ಕಚ್ಚುವುದಿಲ್ಲ, ಸುಡುತ್ತದೆ.

'ಜೆಲಸಿ' ಮತ್ತು 'ಎನ್ವಿ'ಗಳನ್ನು ಇಂಗ್ಲಿಷರೇ ಈಗೀಗ ಬೆರೆಸಿಬಿಟ್ಟಿದ್ದಾರೆ. ಶುದ್ಧವಾಗಿ ಹೇಳುವುದಾದರೆ ಎನ್ವಿಗೆ ಇಬ್ಬರು ಸಾಕು: ನೆರೆಮನೆಯವರ ಬಳಿ ಇರುವುದು ನನಗಿಲ್ಲವೆಂಬ ಉರಿ. ಜೆಲಸಿಗೆ ಮೂವರು ಬೇಕು: ನನ್ನದಾದುದನ್ನು ಮೂರನೆಯವರು ಕಸಿದಾರೆಂಬ ಅಂಜಿಕೆ. ತಮ್ಮ ಹುಟ್ಟಿದ ಮೇಲೆ ಮಂಕಾಗುವ ಮೂರು ವರ್ಷದ ಅಕ್ಕನದು ಜೆಲಸಿ. ಅದನ್ನು ಹೊಟ್ಟೆಕಿಚ್ಚು ಎಂದು ಬಯ್ಯುವುದು ಅನ್ಯಾಯ. ಷಡ್ವೈರಿಗಳಲ್ಲಿ ಎಣಿಸುವ ಮತ್ಸರ ಎನ್ವಿಯ ಕಡೆಗಿದೆ. ಅಸೂಯೆ ಎಂಬುದು ಮೂಲದಲ್ಲಿ ಇನ್ನೊಬ್ಬರ ಗುಣದಲ್ಲಿಯೂ ದೋಷವನ್ನೇ ಹುಡುಕುವ ಚಟ. ಅದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದದ ಹೆಸರು ಇದ್ದಂತೆ ಕಾಣದು.

ಪ್ರಸಾದನಿಲಯಗಳಲ್ಲಿ ಉಳಿದು ಓದಿದವರಿಗೆ ಮೊದಲ ತಿಂಗಳಿನ ಮನೆಯ ಹಂಬಲ ನೆನಪಿರುತ್ತದೆ. ಅದು 'ಹೋಮ್‌ಸಿಕ್‌ನೆಸ್'. ಊರಿಗೆ ಹೋದರೆ ವಾಸಿಯಾಗುತ್ತದೆ. 'ನಾಸ್ಟಾಲ್ಜಿಯ' ಎಂಬುದೂ ಹುಟ್ಟಿದಾಗ ಅದೇ ಅರ್ಥದ್ದಾಗಿತ್ತು. 1688ರಲ್ಲಿ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರಿನಿಂದ ದೂರವಾಗಿ ಸೊರಗುವವರ ಕಾಯಿಲೆಗಾಗಿ, ಮರಳುವಿಕೆ ಮತ್ತು ನೋವು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಅದನ್ನು ಕಟ್ಟಿದ. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟೆಲ್ ಅವರನ್ನು ಇಲ್ಲಿಗೆ ಕಳುಹಿಸಿದ್ದು ಅದೇ ಬಾಸೆಲಿನ ಮಿಶನ್ ಎಂಬುದು ಸಾಂದರ್ಭಿಕವಾಗಿ ನೆನಪಿಗೆ ಬರುತ್ತದೆ. ಇಂದು ಆ ಪದಕ್ಕೆ ಕಾಯಿಲೆಯ ಅರ್ಥ ಉಳಿದಿಲ್ಲ. ಕಳೆದುಹೋದ ಕಾಲದ ಸಿಹಿಯಾದ ನೋವಿಗೆ ಅದು ಸಲ್ಲುತ್ತದೆ. ಆ ಕಾಲಕ್ಕೆ ಬಸ್ಸು ಹೋಗುವುದಿಲ್ಲವಾದ್ದರಿಂದ ಊರಿಗೆ ಹೋದರೂ ಅದು ವಾಸಿಯಾಗುವುದಿಲ್ಲ.

ಪಿಟಿ, ಸಿಂಪಥಿ, ಎಂಪಥಿ, ಕಂಪ್ಯಾಶನ್

ಇನ್ನೊಬ್ಬರ ನೋವಿಗೆ ಮಿಡಿಯುವ ಭಾವಕ್ಕೆ ಇಂಗ್ಲಿಷಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಎಲ್ಲಕ್ಕಿಂತ ಹಳೆಯ ಪದಗಳಲ್ಲಿ ಒಂದಾದ 'ಪಿಟಿ'ಯೂ ಧರ್ಮಶ್ರದ್ಧೆ ಎಂಬರ್ಥದ 'ಪಯಟಿ'ಯೂ ಒಂದೇ ಲ್ಯಾಟಿನ್ ಪದದ ಎರಡು ರೂಪಗಳು. ಅಂದರೆ ದೇವರಲ್ಲಿ ಶ್ರದ್ಧೆಯೂ ದೀನರಲ್ಲಿ ಮರುಕವೂ ಒಂದು ಕಾಲದಲ್ಲಿ ಅಲ್ಲಿ ಒಂದೇ ಹೆಸರಿನಲ್ಲಿದ್ದವು, ಮುಂದೆ ಬೇರೆಯಾದವು. ಬಸವಣ್ಣನವರು ದಯೆಯನ್ನು ಧರ್ಮದ ಬೇರಿನಲ್ಲಿಯೇ ಇಟ್ಟರೆಂಬುದನ್ನು ಬಲ್ಲ ನಮಗೆ ಈ ಪದಚರಿತ್ರೆ ಕುತೂಹಲಕರವಾದುದು. ಬೇರೆಯಾದ ಮೇಲೆ ಪಿಟಿಯ ಮಾನ ಇಳಿಯಿತು. ಇಂದು ಅದರಲ್ಲಿ ಮೇಲಿನಿಂದ ಕೆಳಕ್ಕೆ ನೋಡುವ ದೃಷ್ಟಿಯಿದೆ. ಕಾಲಿಲ್ಲದವರನ್ನೋ ವಿಧವೆಯರನ್ನೋ ಪಿಟಿಯಿಂದ ಕಂಡರೆ ಅವರಿಗೆ ಅವಮಾನವಾಗುತ್ತದೆ. 'ಅಯ್ಯೋ ಪಾಪ' ಎಂಬ ನಮ್ಮ ಉದ್ಗಾರವೂ ಅಂಥದೇ. ಎದುರಿಗಿರುವವರ ಕಷ್ಟಕ್ಕೆ ಪಾಪವೆಂಬ ಹೆಸರನ್ನೇ ಇಟ್ಟುಬಿಡುತ್ತದೆ.

ದಾನ ಮತ್ತು ದಾಸೋಹಗಳ ಅಂತರವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ದಾನ ಕೊಡುವವನ ಕೈ ಮೇಲಿರುತ್ತದೆ. ಅಲ್ಲಿ ಪಿಟಿಗೆ ಎಡೆಯುಂಟು. ದಾಸೋಹದಲ್ಲಿ ಕೊಡುವವನು ತನ್ನನ್ನು ದಾಸನೆಂದುಕೊಳ್ಳುತ್ತಾನೆ. ಕೆಳಕ್ಕೆ ನೋಡಲು ಅವನಿಗೆ ಮೇಲಿನ ಜಾಗವೇ ಇರುವುದಿಲ್ಲ. ಭಕ್ತಿ ಎಂಬ ಪದದ ಮೂಲದಲ್ಲಿಯೂ ಹಂಚಿಕೊಳ್ಳುವುದು, ಪಾಲುಗೊಳ್ಳುವುದು ಎಂಬ ಅರ್ಥದ 'ಭಜ್' ಧಾತುವಿದೆ. ಅದನ್ನು ಇಂಗ್ಲಿಷಿಗೆ ತರುವವರು ಸಾಮಾನ್ಯವಾಗಿ ಬಳಸುವ 'ಡಿವೋಶನ್' ಪದದ ಮೂಲದಲ್ಲಿರುವುದು ಹರಕೆ, ಪ್ರತಿಜ್ಞೆ. ವಚನಗಳನ್ನು ಇಂಗ್ಲಿಷಿನಲ್ಲಿ ಮಾತ್ರ ಓದುವ ನಮ್ಮ ಮಕ್ಕಳಿಗೆ ಹಂಚಿಕೊಳ್ಳುವ ಆ ಅರ್ಥ ತಲುಪುವುದೇ ಇಲ್ಲ.

'ಸಿಂಪಥಿ' ಎಂದರೆ ಜೊತೆಗೂಡಿ ನೋಯುವುದು. 'ಕಂಪ್ಯಾಶನ್' ಎಂಬುದಕ್ಕೂ ಲ್ಯಾಟಿನ್ನಿನಲ್ಲಿ ಅದೇ ಅರ್ಥ. ಬಳಕೆಯಲ್ಲಿ ಮಾತ್ರ ಭೇದವಿದೆ. ಸಿಂಪಥಿ ಒಂದು ಸಂತಾಪಸೂಚಕ ಪತ್ರದಲ್ಲಿ ಮುಗಿಯಬಹುದು. ಕಂಪ್ಯಾಶನ್ನಿನಲ್ಲಿ ಏನಾದರೂ ಮಾಡಬೇಕೆಂಬ ತುಡಿತವಿರುತ್ತದೆ. 'ಎಂಪಥಿ' ತೀರ ಹೊಸದು. ಜರ್ಮನ್ ಭಾಷೆಯಲ್ಲಿ ಕಲಾಕೃತಿಯೊಳಕ್ಕೆ ಭಾವದಿಂದ ಹೊಗುವುದಕ್ಕೆ ಇದ್ದ ಪದವನ್ನು ಅನುವಾದಿಸಲು ಎಡ್ವರ್ಡ್ ಟಿಚೆನರ್ ಎಂಬ ಮನಶ್ಶಾಸ್ತ್ರಜ್ಞರು 1909ರಲ್ಲಿ ಅದನ್ನು ರೂಪಿಸಿದರು. ನಿಮ್ಮ ನೋವಿಗೆ ನಾನು ಮರುಗುವುದು ಸಿಂಪಥಿ; ನಿಮ್ಮ ಜಾಗದಲ್ಲಿ ನಿಂತು ಆ ನೋವು ಹೇಗಿರುತ್ತದೆಂದು ತಿಳಿಯುವುದು ಎಂಪಥಿ. ಎರಡನೆಯದಕ್ಕೆ ಪ್ರೀತಿ ಇರಲೇಬೇಕೆಂಬ ನಿಯಮವಿಲ್ಲ. ಒಳ್ಳೆಯ ವೈದ್ಯರಲ್ಲಿರುವಂತೆ ಚತುರ ಮೋಸಗಾರನಲ್ಲಿಯೂ ಅದು ಇರಬಹುದು.

ಕನ್ನಡದಲ್ಲಿ ಎಂಪಥಿಗೆ ಸಮಾನುಭೂತಿ, ಪರಾನುಭೂತಿ, ಸಹಾನುಭೂತಿ ಎಂದು ಒಬ್ಬೊಬ್ಬರು ಒಂದೊಂದು ಪದ ಬಳಸುತ್ತಾರೆ. ಸಹಾನುಭೂತಿ ಈಗಾಗಲೇ ಸಿಂಪಥಿಗೆ ಮೀಸಲಾಗಿರುವುದರಿಂದ ಅದು ಸಲ್ಲದು. 'ಅನುಕಂಪ' ಎಂಬ ಸುಂದರವಾದ ಪದವೂ ಇದೆ. ಬಿಡಿಸಿ ನೋಡಿದರೆ ಇನ್ನೊಬ್ಬರು ನಡುಗಿದಾಗ ಹಿಂದೆಯೇ ತಾನೂ ನಡುಗುವುದು ಎಂಬ ಅರ್ಥ. ಟಿಚೆನರ್ ಅವರ ಪದಕ್ಕೆ ಈಗ ಬಂದಿರುವ ಅರ್ಥಕ್ಕೆ ಇದು ತೀರ ದೂರದ್ದಲ್ಲ. ಆದರೆ 1984ರ ಡಿಸೆಂಬರ್ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ಬಳಿಕ ಕಾಂಗ್ರೆಸ್ಸು 400ಕ್ಕೂ ಹೆಚ್ಚು ಸ್ಥಾನ ಗೆದ್ದುದಕ್ಕೆ ಕಾರಣ ಹೇಳುವಾಗಲೂ ನಾವು 'ಅನುಕಂಪದ ಅಲೆ' ಎನ್ನುತ್ತೇವೆ. ಸೇವೆಯಲ್ಲಿದ್ದಾಗಲೇ ತೀರಿಕೊಂಡ ನೌಕರನ ಮಗನಿಗೆ ಸರಕಾರ ಕೊಡುವ ಕೆಲಸಕ್ಕೂ 'ಅನುಕಂಪದ ಆಧಾರದ ನೇಮಕಾತಿ' ಎನ್ನುತ್ತೇವೆ. ಮೊದಲನೆಯದು ಇಂಗ್ಲಿಷಿನಲ್ಲಿ ಸಿಂಪಥಿ, ಎರಡನೆಯದು ಕಂಪ್ಯಾಶನ್. ಹೀಗೆ ಮತಪೆಟ್ಟಿಗೆಗೂ ಕಚೇರಿಯ ಕಡತಕ್ಕೂ ಹೋಗಿಬಂದ ಪದವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಳಸಲು ನಮ್ಮ ವೈದ್ಯರೂ ದಾದಿಯರೂ ಹಿಂಜರಿಯುತ್ತಾರೆ. ಕನ್ನಡದಲ್ಲಿ ಮಾತನಾಡುತ್ತಿದ್ದವರು ಆ ಜಾಗ ಬಂದಾಗ 'ಎಂಪಥಿ' ಎಂದೇ ಹೇಳಿ ಮುಂದೆ ಹೋಗುತ್ತಾರೆ.